ಸಣ್ಣ ಟೈರಿಗೂ ದಾರಿ ಬಿಡಿ: ಸೋಂಪುರ ಹೋಬಳಿ ಸೈಕಲ್ ಸವಾರರ ಹಕ್ಕೊತ್ತಾಯ ಪತ್ರ

ಜಿಲ್ಲಾಡಳಿತ, ಕೈಗಾರಿಕಾ ಪ್ರದೇಶ, ಹೆದ್ದಾರಿ ಮತ್ತು ರೈಲ್ವೆ ಅಧಿಕಾರಿಗಳಿಗೆ, ಕಾರ್ಖಾನೆಗಳ ಆಡಳಿತ ವರ್ಗಕ್ಕೆ,

ದಾಬಸ್‌ಪೇಟೆ, ನಿಡವಂದ, ತ್ಯಾಮಗೊಂಡ್ಲು ಕಡೆಯಿಂದ ಸೋಂಪುರ ಕೈಗಾರಿಕಾ ಪ್ರದೇಶಕ್ಕೆ ರೋಡ್ ಬೈಕ್ ತುಳಿದುಕೊಂಡು ಕೆಲಸಕ್ಕೆ ಬರುವವರು ನಾವು. ಬಾಗಿದ ಹ್ಯಾಂಡಲ್ಲಿನ ಇಂಥವೇ ಸೈಕಲ್ಲುಗಳು ಭಾನುವಾರ ಬೆಂಗಳೂರಿನಿಂದ ಶಿವಗಂಗೆಗೆ ಬಂದರೆ ಜನ ಕೈಬೀಸುತ್ತಾರೆ. ಸೋಮವಾರ ನಮಗೆ ಹಾರನ್ ಹೊಡೆಯುತ್ತಾರೆ. ನಮ್ಮದು ವ್ಯಾಯಾಮವಲ್ಲ, ಡ್ಯೂಟಿ. ಆದ್ದರಿಂದ:

1. ರಸ್ತೆಯ ಗುಣಮಟ್ಟವನ್ನು ನಮ್ಮ ಟೈರಿನಿಂದ ಅಳೆಯಿರಿ. ಇದರ ಅಗಲ 25ರಿಂದ 28 ಮಿಲಿಮೀಟರ್, ಗಾಳಿ ಬಲು ಗಟ್ಟಿ. ಲಾರಿಯವರಿಗೆ ಗೊತ್ತೇ ಆಗದ ಡಾಂಬರಿನ ಅಂಚು, ಸೇತುವೆಯ ಸಂದು ನಮಗೆ ಪಂಕ್ಚರ್, ಇಲ್ಲವೇ ತರಚಿದ ಮೊಣಕಾಲು. ಚರಂಡಿಯ ಕಬ್ಬಿಣದ ಜಾಲರಿಯ ಸಲಾಕೆಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ಸೀದಾ ಒಳಗಿಳಿಯುತ್ತದೆ. ಅಂಥ ಕಡೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿ. ಕೈಗಾರಿಕಾ ಪ್ರದೇಶದಲ್ಲಿ ವೆಲ್ಡರುಗಳಿಗೇನು ಬರವೇ? ಈ ಟೈರು ಸಲೀಸಾಗಿ ಉರುಳುವ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತ ಮೊಪೆಡ್ಡೂ ಶಾಲೆಯ ಮಕ್ಕಳೂ ಬೀಳದೆ ಹೋಗುತ್ತಾರೆ.

2. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99ರ ಪ್ರಕಾರ ರಸ್ತೆ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ರಾತ್ರೋರಾತ್ರಿ ಎದ್ದ, ಬಣ್ಣ ಕಾಣದ ದಿಬ್ಬಗಳನ್ನು ಈ ಅಳತೆಗೆ ತನ್ನಿ.

3. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ನಮ್ಮ ತುಮಕೂರು ರಸ್ತೆಗೂ, ಅಂದರೆ ಹೆದ್ದಾರಿ 48ಕ್ಕೂ, ಆ ಕಾಲ ಬಂದರೆ ಜಗಳವಿಲ್ಲ. ಲಾರಿಯ ಪಕ್ಕ ತುಳಿಯುವ ಹುಚ್ಚು ನಮಗೂ ಇಲ್ಲ. ಆದರೆ ಅದಕ್ಕೆ ಮೊದಲು ಸರ್ವಿಸ್ ರಸ್ತೆ ನಡುವೆ ಎಲ್ಲೂ ತುಂಡಾಗದೆ ಮುಗಿದಿರಬೇಕು. ಅದು ಲಾರಿ ನಿಲ್ದಾಣ ಆಗಕೂಡದು. ರಾಂಗ್ ಸೈಡಿನಲ್ಲಿ ಬರುವವರಿಗೆ ದಂಡ ಬೀಳಲಿ.

4. ಕಾರ್ಖಾನೆಯ ಗೇಟಿನೊಳಗೆ ನಮಗೆ ಜಾಗ ಕೊಡಿ. ಈ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ, ತೂಕ ಹತ್ತು ಕಿಲೋ ಆಸುಪಾಸು. ಕಳ್ಳ ಒಂದೇ ಕೈಯಲ್ಲಿ ಎತ್ತಿಕೊಂಡು ನಡೆದಾನು. ನೆಲಕ್ಕೆ ಹೂತ ಕಬ್ಬಿಣದ ಕಮಾನುಗಳು, ಮೇಲೆ ತಗಡಿನ ಶೀಟು ಸಾಕು. ಮುಖ ತೊಳೆದು ಯೂನಿಫಾರ್ಮ್ ಹಾಕಿಕೊಳ್ಳಲು ಒಂದು ಕೋಣೆ ಬೇಕು, ಹೆಂಗಸರಿಗೆ ಬೇರೆ. ಬೆವರಿನ ಅಂಗಿಯಲ್ಲಿ ಎಂಟು ಗಂಟೆ ಮಷಿನ್ ಮುಂದೆ ನಿಲ್ಲುವುದು ಯಾರಿಗೂ ಬೇಡ.

5. ದಾಬಸ್‌ಪೇಟೆ, ನಿಡವಂದ ರೈಲು ನಿಲ್ದಾಣಗಳಲ್ಲಿ ರಾತ್ರಿ ಕಾವಲಿರುವ ಸೈಕಲ್ ಸ್ಟ್ಯಾಂಡ್ ಆಗಲಿ. ತುಮಕೂರಿನಿಂದ, ಯಶವಂತಪುರದಿಂದ ರೈಲಿನಲ್ಲಿ ಬರುವವರೂ ಆಗ ಪಾಳಿ ಮುಗಿಸಿ ಸೈಕಲ್ಲನ್ನು ಇಲ್ಲೇ ಬಿಟ್ಟು ಹೋಗಬಹುದು.

6. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಬೀದಿದೀಪ ಉರಿಯಲಿ. ಹಿಂದಿನ ಕೆಂಪು ದೀಪ ನಮ್ಮ ಜವಾಬ್ದಾರಿ.

7. ಎಂಟನೇ ತರಗತಿ ಮಕ್ಕಳಿಗೆ 2006–07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ ರಾಜ್ಯ ಸರ್ಕಾರದ ಉಚಿತ ಸೈಕಲ್ ಯೋಜನೆ ಮತ್ತೆ ನಡೆಯಲಿ.

ಮೊದಲ ನಾಲ್ಕು ಬೇಡಿಕೆಗಳು ತುರ್ತಿನವು. ಮಳೆ ಹಿಡಿಯುವ ಮೊದಲು ಸ್ಥಳ ಪರಿಶೀಲನೆಗೆ ದಿನ ಗೊತ್ತುಮಾಡಿ, ಜೀಪು ಬಿಟ್ಟು ಬನ್ನಿ. ಸೈಕಲ್ ನಾವು ಕೊಡುತ್ತೇವೆ.

ಇತಿ,
ಸೋಂಪುರ ಹೋಬಳಿಯ ಸೈಕಲ್ ಸವಾರರು