ಪೆಟ್ರೋಲ್ ತೆರಿಗೆ ನಮ್ದು, ಗುಂಡಿ ಯಾರ್ದು? (ಭಾಗ 3)

ಮೊದಲ ಫೋಟೋ ನೋಡಿ "ಇದು ನಮ್ಮ ಏರಿಯಾನೇ" ಅಂತ ಕಮೆಂಟ್ ಹಾಕೋಕೆ ಮುಂಚೆ ಪೂರ್ತಿ ಓದಿ. ಗುಂಡಿ ಎಲ್ಲಿಯದು ಅನ್ನೋದು ಇವತ್ತಿನ ವಿಷಯ ಅಲ್ಲ. "ಪೆಟ್ರೋಲ್‌ಗೆ ಇಷ್ಟು ತೆರಿಗೆ ಕಟ್ತೀವಿ, ರೋಡ್ ಎಲ್ಲಿ ಸ್ವಾಮಿ?" ಅಂತ ಎಲ್ಲರೂ ಬೈತೀವಲ್ಲ, ಆ ಬೈಗುಳ ಯಾರಿಗೂ ತಾಗ್ತಿಲ್ಲ. ಯಾಕಂದ್ರೆ ಆ ತೆರಿಗೆಗೂ ನಿಮ್ಮ ಬೀದಿಗೂ ಕಾನೂನಿನಲ್ಲಿ ಸಂಬಂಧವೇ ಇಲ್ಲ. ಅದೇ ನನ್ನ ತಕರಾರು.

2025ರ ದರದಲ್ಲಿ ಬಂಕಿನಲ್ಲಿ 100 ರೂಪಾಯಿಗೆ ಪೆಟ್ರೋಲ್ ಹಾಕಿಸಿದ್ರೆ 40 ರೂಪಾಯಿಗೂ ಹೆಚ್ಚು ತೆರಿಗೆ. ಅದಕ್ಕೆ ಇಬ್ಬರು ವಾರಸುದಾರರು.

ಮೊದಲನೆಯದು ಕೇಂದ್ರ. 2025ರ ಏಪ್ರಿಲ್‌ನ ದರ ತಗೊಳ್ಳಿ: ಲೀಟರ್‌ಗೆ 21.90 ರೂ. ಅದರಲ್ಲಿ ಮೂಲ ಅಬಕಾರಿ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ಕೃಷಿ ಸೆಸ್ 2.50, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಆ 1.40 ಮಾತ್ರ. 15ನೇ ಹಣಕಾಸು ಆಯೋಗದ ಪ್ರಕಾರ ಅದರ 41% ಎಲ್ಲ ರಾಜ್ಯಗಳಿಗೆ, ಅದರಲ್ಲಿ 3.647% ಕರ್ನಾಟಕಕ್ಕೆ. ಫೋನ್‌ನಲ್ಲೇ ಗುಣಿಸಿ ನೋಡಿ. ಎರಡು ಪೈಸೆ. ಹೌದು, ಲೀಟರ್‌ಗೆ ಎರಡು ಪೈಸೆ!

"ಆ 5 ರೂಪಾಯಿ ರಸ್ತೆಗೇ ಅಲ್ವಾ?" ಅಂತೀರಿ. ಈ ಯೋಚನೆ ಹಳೇದು. ಜಯಕರ್ ಸಮಿತಿ ಹೇಳಿದ ಮೇಲೆ, 1929ರಲ್ಲಿ, ಬ್ರಿಟಿಷರ ಕಾಲದಲ್ಲೇ ಪೆಟ್ರೋಲ್ ಮೇಲೆ ಹೆಚ್ಚುವರಿ ಸುಂಕ ಹಾಕಿ ರಸ್ತೆಗೆ ಅಂತಲೇ ನಿಧಿ ಮಾಡಿದ್ರು. 2000ದಲ್ಲಿ ಅದಕ್ಕೊಂದು ಕಾಯ್ದೆ ಬಂತು. 2018ರಲ್ಲಿ ಹೆಸರಿಗೆ "ಮೂಲಸೌಕರ್ಯ" ಸೇರಿಸಿದ್ರು, ರೈಲು, ಬಂದರು, ಆಸ್ಪತ್ರೆ ಕಟ್ಟಡದವರೆಗೆ ಪಾಲುದಾರರು ಬೆಳೆದ್ರು. ರಾಜ್ಯದ ರಸ್ತೆಗಳಿಗೂ ಒಂದಷ್ಟು ವಾಪಸ್ ಬರುತ್ತೆ, ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಕ್ರಾಸ್ ರೋಡಿಗೆ ಅದು ಬರಲ್ಲ.

ಎರಡನೆಯದು ನಮ್ಮದೇ ರಾಜ್ಯ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯಿಂದ ಹೊರಗಿವೆ, ಹಾಗಾಗಿ ಮಾರಾಟ ತೆರಿಗೆ ರಾಜ್ಯದ ಕೈಲಿದೆ. 2024ರ ಜೂನ್ 15ರಂದು, ಲೋಕಸಭೆ ಫಲಿತಾಂಶ ಬಂದು ಹನ್ನೊಂದೇ ದಿನಕ್ಕೆ, ಪೆಟ್ರೋಲ್ ಮೇಲಿನ ತೆರಿಗೆ 25.92%ನಿಂದ 29.84%ಗೆ ಏರಿತು. ಲೀಟರ್‌ಗೆ 3 ರೂಪಾಯಿ. ಡೀಸೆಲ್ 14.34ರಿಂದ 18.44, ಮುಂದಿನ ಏಪ್ರಿಲ್‌ನಲ್ಲಿ 21.17. ಅದೂ ಕೇಂದ್ರದ ಸುಂಕ ಸೇರಿಸಿದ ಬೆಲೆಯ ಮೇಲೆ, ಅಂದ್ರೆ ತೆರಿಗೆಗೂ ತೆರಿಗೆ. ಮಾಡೋಕೆ ಒಂದು ಅಧಿಸೂಚನೆ ಸಾಕಾಯ್ತು.

ಆ ದುಡ್ಡು ಎಲ್ಲಿಗೆ? ರಾಜ್ಯದ ಸಂಚಿತ ನಿಧಿಗೆ. ಸಂಬಳ, ಪಿಂಚಣಿ, ಗ್ಯಾರಂಟಿ, ಹಳೇ ಸಾಲದ ಬಡ್ಡಿ, ರಸ್ತೆ, ಎಲ್ಲಕ್ಕೂ ಅದೇ ಹಂಡೆ. ಬೈಕ್ ತಗೊಳ್ಳುವಾಗ ಕಟ್ಟಿದ "ರೋಡ್ ಟ್ಯಾಕ್ಸ್" ಕೂಡ ಅಲ್ಲಿಗೇ. ಕಾಗದದಲ್ಲಿ ಅದರ ಹೆಸರು ಮೋಟಾರು ವಾಹನ ತೆರಿಗೆ, ರೋಡ್ ಅನ್ನೋದು ನಾವೇ ಪ್ರೀತಿಯಿಂದ ಇಟ್ಟದ್ದು.

ಬೈಕ್ ಇಲ್ಲದವರು ತಪ್ಪಿಸಿಕೊಂಡ್ರು ಅನ್ಕೋಬೇಡಿ. ಡೀಸೆಲ್ ಏರಿದ್ರೆ ತರಕಾರಿ ಗಾಡಿ ಬಾಡಿಗೆ ಏರುತ್ತೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ ಟಿಕೆಟ್ 15% ಏರಿದಾಗ ಕೊಟ್ಟ ಕಾರಣಗಳಲ್ಲಿ ಡೀಸೆಲ್ ಖರ್ಚೂ ಒಂದು.

ಈಗ ಲಾಸ್ ಏಂಜಲೀಸ್ ಕೌಂಟಿ ನೋಡಿ. (ಅಮೆರಿಕ ಸ್ವರ್ಗ ಅಂತ ಹೇಳೋಕಲ್ಲ, ಗುಂಡಿ ಅಲ್ಲೂ ಇವೆ.) 2008ರಲ್ಲಿ ಸಾರಿಗೆಗೆ ಅಂತ ಡಾಲರ್‌ಗೆ ಅರ್ಧ ಸೆಂಟ್ ಮಾರಾಟ ತೆರಿಗೆ, 30 ವರ್ಷಕ್ಕೆ, ಬೇಕಾ ಬೇಡ್ವಾ ಅಂತ ಮತಪತ್ರದಲ್ಲೇ ಕೇಳಿದ್ರು. ಯಾವ ಕೆಲಸ ಅನ್ನೋ ಪಟ್ಟಿ ಮೊದಲೇ ಇತ್ತು, 15% ನೇರ ಊರುಗಳಿಗೆ. ಪಾಸಾಗೋಕೆ ಮೂರನೇ ಎರಡು ಮತ ಬೇಕಿತ್ತು, ಸಿಕ್ಕಿತು. 2012ರಲ್ಲಿ ಅದನ್ನೇ ಇನ್ನೂ 30 ವರ್ಷ ಮುಂದುವರಿಸ್ತೀವಿ ಅಂತ ಬಂದ್ರು. ಬಂದ ಮತ 66.1%. ಬೇಕಿದ್ದದ್ದು 66.67. ಬಿದ್ದುಹೋಯ್ತು! ಅಷ್ಟು ಕೂದಲೆಳೆಯಲ್ಲಿ ಸೋತ ಸರ್ಕಾರಿ ಸಂಸ್ಥೆ ಮತ್ತೆ ಜನರ ಮುಂದೆ ನಿಂತು, ಪಟ್ಟಿ ತಿದ್ದಿ, 2016ರಲ್ಲಿ ಹೊಸ ತೆರಿಗೆಗೆ ಒಪ್ಪಿಗೆ ಪಡೀತು. ನಮ್ಮಲ್ಲಿ ಬೆಳಗ್ಗೆ ಪೇಪರ್ ನೋಡಿ ತಿಳ್ಕೋತೀವಿ.

ಎಲ್ಲ ಪೆಟ್ರೋಲ್ ತೆರಿಗೆಯನ್ನೂ ರಸ್ತೆಗೇ ಸುರೀರಿ ಅಂತ ನಾನು ಹೇಳಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳವೂ ಅದೇ ಹಂಡೆಯಿಂದ ಹೋಗುತ್ತೆ. ನಾನು ಕೇಳೋದು ಇಷ್ಟೇ: ಲೀಟರ್‌ಗೆ ಎರಡು ರೂಪಾಯಿ, ಕಾಯ್ದೆಯಲ್ಲಿ ಬರೆದು, ಪಾಲಿಕೆ ಮತ್ತು ಪಂಚಾಯಿತಿ ರಸ್ತೆಗಳ ದುರಸ್ತಿಗೆ ಮಾತ್ರ. ಯಾವ ವಾರ್ಡಿಗೆ ಎಷ್ಟು ಬಂತು, ಯಾವ ರಸ್ತೆಗೆ ಹೋಯ್ತು ಅಂತ ಅದೇ ರಸ್ತೆಯಲ್ಲಿ ಬೋರ್ಡ್. 3 ರೂಪಾಯಿ ಏರಿಸೋದು ರಾತ್ರೋರಾತ್ರಿ ಆಗುತ್ತೆ ಅಂದ್ರೆ ಇದ್ಯಾಕೆ ಆಗಲ್ಲ?

ಅಲ್ಲಿವರೆಗೆ ಒಂದು ಕೆಲಸ. ಮೊದಲು ರಸ್ತೆ ಯಾರದು ಅಂತ ಪತ್ತೆ ಮಾಡಿ: ಹೆದ್ದಾರಿ ಪ್ರಾಧಿಕಾರವಾ, ಲೋಕೋಪಯೋಗಿ ಇಲಾಖೆಯಾ, ಪಾಲಿಕೆಯಾ, ಪಂಚಾಯಿತಿಯಾ. ಆಮೇಲೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮೂರು ಕೇಳಿ: ಆ ರಸ್ತೆಗೆ ಯಾವ ಲೆಕ್ಕಶೀರ್ಷಿಕೆಯಿಂದ ಎಷ್ಟು ಹಣ ಬಂತು, ಅಳತೆ ಪುಸ್ತಕದ ಪ್ರತಿ, ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಯಾವತ್ತು ಮುಗಿಯುತ್ತೆ. ಅವಧಿ ಮುಗಿದಿಲ್ಲ ಅಂದ್ರೆ ಗುಂಡಿ ಮುಚ್ಚೋದು ಅವನ ಖರ್ಚು, ನಿಮ್ಮದಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಈ ಕ್ಯಾಪ್ಷನ್‌ಗಿಂತ ಸಣ್ಣದು ಮಾರಾಯ್ರೆ!

ಅರ್ಜಿ ನಮೂನೆ ಕೊನೆ ಫೋಟೋದಲ್ಲಿದೆ. ಉತ್ತರ ಬಂದವರು ಕಳಿಸಿ, ಭಾಗ 4ರಲ್ಲಿ ಹಾಕ್ತೀನಿ.

#ರಸ್ತೆಲೆಕ್ಕ #ಗುಂಡಿಯಾರ್ದು