ಕಾನತ್ತೂರಿನ ಆಣೆ, ಕಟಕಟೆಯ ಆಣೆ

ಪುತ್ತೂರು, ಸುಳ್ಯ, ಕಡಬದ ಕಡೆಯವರು ಆಣೆಗೆ ಅಂಜುವ ಜನ. ತೋಟದ ಗಡಿಯೋ ಕುಮ್ಕಿ ಜಾಗವೋ ಕೈಸಾಲವೋ ಜಗಳವಾಗಿ ಬಗೆಹರಿಯದಿದ್ದರೆ ಗಡಿ ದಾಟಿ, ಕಾಸರಗೋಡು ಜಿಲ್ಲೆಯ ಕಾನತ್ತೂರಿನಲ್ಲಿ ನಾಲ್ವರ್ ದೈವಗಳ ಮುಂದೆ ನಿಲ್ಲುತ್ತಾರೆ. ಅಲ್ಲಿಗೆ ಹೋಗೋಣವೆಂಬ ಮಾತು ಬಂದೊಡನೆಯೇ ವ್ಯಾಜ್ಯ ಮನೆಯ ಜಗಲಿಯಲ್ಲಿ ಮುಗಿಯುವುದೂ ಉಂಟು. ಅದೇ ಮನುಷ್ಯ ನ್ಯಾಯಾಲಯದ ಕಟಕಟೆಯಲ್ಲಿ ದೇವರ ಹೆಸರಿನಲ್ಲಿಯೇ ಪ್ರಮಾಣ ಮಾಡಿ, ಕಂಡದ್ದನ್ನು ಕಂಡಿಲ್ಲವೆಂದು ನುಡಿದು, ಹೊರಗೆ ಬಂದು ಚಹಾ ಕುಡಿದು ಮನೆಗೆ ಹೋಗುತ್ತಾನೆ. ಅಲ್ಲಿಗೂ ಇಲ್ಲಿಗೂ ದೇವರು ಬೇರೆಯೆ? ದೈವ ಬಿಡದೆಂಬ ಭಯವಿದೆ, ಕೋರ್ಟು ಹಿಡಿಯದೆಂಬ ಧೈರ್ಯವಿದೆ, ಅಷ್ಟೆ.

ಕಾನೂನೇನೋ ಇದೆ. ಬೇಕೆಂದೇ ಸುಳ್ಳು ಸಾಕ್ಷಿ ನುಡಿದವನಿಗೆ ಏಳು ವರ್ಷದವರೆಗೆ ಸೆರೆವಾಸ. ಹಿಂದೆ ಅದು ದಂಡ ಸಂಹಿತೆಯ 193ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮು. ಆದರೆ ಸುಳ್ಳಿನಿಂದ ಕೆಟ್ಟವನು ಅರ್ಜಿ ಕೊಡಬಹುದೇ ಹೊರತು ತಾನೇ ಮೊಕದ್ದಮೆ ಹೂಡುವಂತಿಲ್ಲ. ನ್ಯಾಯದ ಹಿತಕ್ಕೆ ಅಗತ್ಯವೆಂದು ಕಂಡರೆ ನ್ಯಾಯಾಲಯವೇ ದೂರು ಕೊಡಬೇಕು. ಕಡತಗಳ ರಾಶಿಯ ನಡುವೆ ಇನ್ನೊಂದು ಮೊಕದ್ದಮೆಯನ್ನು ತಾವೇ ಹುಟ್ಟಿಸಲು ಯಾವ ನ್ಯಾಯಾಧೀಶರಿಗೆ ಪುರುಸೊತ್ತು?

ಸುಳ್ಳು ಎಷ್ಟು ದುಬಾರಿಯೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಹೆಂಡತಿಯನ್ನು ಕೊಂದನೆಂಬ ಆರೋಪದಲ್ಲಿ ಕುಶಾಲನಗರದ ಕಡೆಯ ಒಬ್ಬ ಬಡವ ವರ್ಷಕ್ಕೂ ಮೀರಿ ಜೈಲಿನಲ್ಲಿದ್ದ. ಬೆಟ್ಟದಪುರದ ಬಳಿ ಸಿಕ್ಕಿದ ಯಾರದೋ ಅಸ್ಥಿಪಂಜರ ಆಕೆಯದೆಂದು ದೋಷಾರೋಪ ಪಟ್ಟಿ ಬರೆದರು. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡಳು! ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ತನಿಖೆ ನಡೆಸಿದವರ ಮೇಲೆ ಕ್ರಮಕ್ಕೆ ಆದೇಶಿಸಿತು. ಸಾಕ್ಷ್ಯವನ್ನು ಸೃಷ್ಟಿಸುವುದು ಕೂಡ ಸುಳ್ಳು ನುಡಿದಷ್ಟೇ ಅಪರಾಧವೆಂಬುದನ್ನು ಅಲ್ಲಿಯ ನ್ಯಾಯಾಧೀಶರು ಮರೆಯಲಿಲ್ಲ. ಹೋದ ದಿನಗಳನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಾರರು.

ನಾವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬೆದರಿಕೆಗೆ ನಡುಗಿ ಮಾತು ತಿರುಗಿಸಿದ ಕೂಲಿ ಹೆಂಗಸು ಬೇರೆ, ಹಣಕ್ಕೆ ನಾಲಿಗೆ ಮಾರಿದವನು ಬೇರೆ, ಸರ್ಕಾರದ ಸಂಬಳ ಉಂಡು ಸಾಕ್ಷ್ಯ ಹೊಸೆದವನು ಬೇರೆ. ಆ ಹೆಂಗಸಿಗೆ ಬೇಕಾದದ್ದು ರಕ್ಷಣೆ; ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು ಸುಪ್ರೀಂ ಕೋರ್ಟು 2018ರಲ್ಲಿಯೇ ಒಪ್ಪಿದೆ. ಉಳಿದಿಬ್ಬರಿಗೆ ಶಿಕ್ಷೆಯಾಗಲೇಬೇಕು. ಏಳು ವರ್ಷ ಹೆಚ್ಚಾಯಿತೆನ್ನುವಿರಾ? ತೀರ್ಪಿನಲ್ಲಿಯೇ ಸುಳ್ಳುಸಾಕ್ಷಿಯನ್ನು ಗುರುತಿಸಿ, ಅಲ್ಲಿಯೇ ಸಂಕ್ಷಿಪ್ತವಾಗಿ ವಿಚಾರಿಸಿ, ಮೂರು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಸೆಷನ್ಸ್ ನ್ಯಾಯಾಧೀಶರಿಗೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೂ ಉಂಟು. ಪುತ್ತೂರಿನಲ್ಲೋ ಸುಳ್ಯದಲ್ಲೋ ಒಬ್ಬ ಬಾಡಿಗೆ ಸಾಕ್ಷಿ ಹಾಗೆ ಒಳಗೆ ಹೋದನೆಂದರೆ, ಸುದ್ದಿ ಅದೇ ಸಂಜೆಯ ಬಸ್ಸಿನಲ್ಲಿ ಕಡಬ ಮುಟ್ಟುತ್ತದೆ.