ಷೆಲ್ಲಿಗೆ ಒಪ್ಪಿಸುವ ಮಾತು

ಪ್ರೋಗ್ರಾಮು ಬರೆಯಲು ಕಲಿತ ವಿದ್ಯಾರ್ಥಿಗೆ ಬೇಗನೆ ಒಂದು ಆಸೆ ಹುಟ್ಟುತ್ತದೆ: ಯಂತ್ರದಲ್ಲಿ ಆಗಲೇ ಇರುವ ಇನ್ನೊಂದು ಪ್ರೋಗ್ರಾಮಿನಿಂದ ಕೆಲಸ ಮಾಡಿಸಿ, ಅದರ ಉತ್ತರವನ್ನು ತನ್ನದರೊಳಕ್ಕೆ ತಂದುಕೊಳ್ಳಬೇಕೆಂದು. ಆಸೆ ತಪ್ಪಲ್ಲ. ಒಂದರ ಉತ್ತರವನ್ನು ಮತ್ತೊಂದಕ್ಕೆ ಹರಿಸುವ ‘ಪೈಪ್’ ಎಂಬ ಕೊಳವೆಯನ್ನು ಡಗ್ಲಸ್ ಮೆಕಿಲ್ರಾಯ್ ಅವರ ಸಲಹೆಯಂತೆ ಕೆನ್ ಥಾಂಪ್ಸನ್ ಅವರು ಯುನಿಕ್ಸ್ ವ್ಯವಸ್ಥೆಗೆ ಸೇರಿಸಿದುದು 1973ರಲ್ಲಿ. ನನ್ನ ಆಕ್ಷೇಪಣೆ ಇರುವುದು ಕೆಲಸ ಮಾಡಿಸುವ ರೀತಿಯ ಬಗ್ಗೆ.

ಫೈಲಿನ ಸಾಲುಗಳನ್ನೆಣಿಸುವ ‘ಡಬ್ಲ್ಯುಸಿ’ ಎಂಬ ಆಜ್ಞೆಯುಂಟು. ಆ ಪದಕ್ಕೆ ಬಳಕೆದಾರನು ಟೈಪು ಮಾಡಿದ ಫೈಲಿನ ಹೆಸರನ್ನು ಅಂಟಿಸಿ, ಒಂದೇ ವಾಕ್ಯವಾಗಿಸಿ ಷೆಲ್ಲಿಗೆ ಒಪ್ಪಿಸುವುದು ಸುಲಭದ ಹಾದಿ. ಷೆಲ್ ಎಂಬುದು ನಮಗೂ ಯಂತ್ರಕ್ಕೂ ನಡುವಣ ದುಭಾಷಿ. ವಾಕ್ಯದಲ್ಲಿ ನಿಮ್ಮ ಮಾತು ಯಾವುದು, ಪರರದು ಯಾವುದು ಎಂಬುದನ್ನು ಅದು ಅರಿಯದು. ಹೆಸರಿನಲ್ಲಿ ತೆರಪು ಬಂದರೆ ಎರಡು ಫೈಲುಗಳೆಂದು ತಿಳಿಯುತ್ತದೆ. ಅರ್ಧವಿರಾಮ ಬಂದರೆ ಅಲ್ಲಿಂದ ಮುಂದಿನದು ಹೊಸ ಆಜ್ಞೆಯೆಂದೇ ನಡೆಸುತ್ತದೆ. ಆ ಜಾಗದಲ್ಲಿ ಕಿಡಿಗೇಡಿಯೊಬ್ಬನು ಫೈಲುಗಳನ್ನು ಅಳಿಸುವ ಆಜ್ಞೆಯನ್ನು ಬರೆದನೆನ್ನಿ! ಅದು ನಡೆಯುವುದು ನಿಮ್ಮ ಪ್ರೋಗ್ರಾಮಿಗಿರುವ ಅಧಿಕಾರದಿಂದಲೇ.

ಪೈಥಾನ್ ಭಾಷೆಗೆ 2004ರಲ್ಲಿಯೇ ‘ಸಬ್‌ಪ್ರೋಸೆಸ್’ ಎಂಬ ಸಾಧನ ಸೇರಿತು. ಅದಕ್ಕೆ ಆಜ್ಞೆಯನ್ನೂ ಹೆಸರನ್ನೂ ಬಿಡಿಬಿಡಿಯಾದ ಪದಗಳ ಪಟ್ಟಿಯಾಗಿ ಕೊಡಬಹುದು. ಆಗ ದುಭಾಷಿಯು ನಡುವೆ ಬರುವುದೇ ಇಲ್ಲ. ಅರ್ಧವಿರಾಮವು ಹೆಸರಿನ ಒಂದು ಚಿಹ್ನೆಯಾಗಿ ಉಳಿಯುತ್ತದೆ. ಆದರೂ ಅಡ್ಡಗೆರೆಯಿಂದ ಮೊದಲಾಗುವ ಹೆಸರನ್ನು ಡಬ್ಲ್ಯುಸಿಯು ತನಗಿತ್ತ ಸೂಚನೆಯೆಂದೇ ಭಾವಿಸೀತು. ಹೆಸರಿಗೆ ಮುಂಚೆ ಎರಡು ಅಡ್ಡಗೆರೆಗಳನ್ನು ಬೇರೊಂದು ಪದವಾಗಿ ಇಟ್ಟರೆ ಆ ಭಯವಿಲ್ಲ.

ಉತ್ತರ ಬಂದ ಮೇಲೂ ಎಚ್ಚರ ಬೇಕು. ಪ್ರೋಗ್ರಾಮು ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಸಾಮಾನ್ಯವಾಗಿ ಕ್ಷೇಮ. ಇಲ್ಲದ ಫೈಲನ್ನು ಎಣಿಸಹೊರಟ ಡಬ್ಲ್ಯುಸಿಯ ದೂರು ಬೇರೊಂದು ಕಾಲುವೆಯಲ್ಲಿ ಹರಿಯುತ್ತದೆ. ಉತ್ತರದ ಕಾಲುವೆ ಬರಿದು. ಸಂಖ್ಯೆಯನ್ನು ನೋಡದವನು ಬರಿದಾದ ಉತ್ತರವನ್ನು ಸೊನ್ನೆ ಸಾಲುಗಳೆಂದು ಓದಿಕೊಳ್ಳುತ್ತಾನೆ.

“ಇದು ನನ್ನೊಬ್ಬನ ಬಳಕೆಗೆ ತಾನೆ, ಇಷ್ಟೆಲ್ಲ ಏಕೆ?” ಎನ್ನುವವರುಂಟು. ವಾಕ್ಯವನ್ನೆಲ್ಲ ನೀವೇ ಬರೆದಿದ್ದು, ಹೊರಗಿನ ಒಂದಕ್ಷರವೂ ಅದರೊಳಗೆ ಸೇರದಿದ್ದರೆ ಷೆಲ್ಲನ್ನು ಕರೆಯಲು ನನ್ನ ಅಡ್ಡಿಯಿಲ್ಲ. ಆದರೆ ಸ್ವಂತಕ್ಕೆಂದು ಬರೆದ ಪ್ರೋಗ್ರಾಮು ಗೆಳೆಯನ ಕೈಸೇರಿ, ಅಲ್ಲಿಂದ ಕಾಲೇಜಿನ ಜಾಲತಾಣವನ್ನೂ ಸೇರೀತು. ಆ ಹೊತ್ತಿಗೆ ಹಿಂದಿರುಗಿ ಆ ಒಂದು ಸಾಲನ್ನು ತಿದ್ದುವ ನೆನಪು ಯಾರಿಗಿರುತ್ತದೆ?